ಚೀನಾಕ್ಕೆ ಓಯ್ತೀನಿ ಅಂತ ಬರೀರಿ ಸಾ

ನಮ್ಮ ಕಡೆ ಯಾರಾದರೂ ದೂರದೂರಿಗೆ ಹೊರಟರೆ ಹೊರಡುವವರಿಗಿಂತ ಉಳಿಯುವವರಿಗೇ ಕೆಲಸ ಜಾಸ್ತಿ. ಹೊರಟವಳು ಹೆಂಗಸಾದರಂತೂ ಬುದ್ಧಿ ಹೇಳುವವರು ಸರತಿ ಸಾಲಿನಲ್ಲಿ ನಿಲ್ಲುತ್ತಾರೆ. ನನಗೆ ಇದು ಮೊದಲಿಂದಲೂ ಆಗುತ್ತಲೇ ಬಂದದ್ದು. ಒಬ್ಬಳೇ ಹನೂರಿನ ಬಸ್ಸು ಹತ್ತಿದ ದಿನ ಆರು ಜನ ಬುದ್ಧಿ ಹೇಳಿದ್ದರು. ಚೀನಾಕ್ಕೆ ಹೊರಟಾಗ ಊರಿಗೆ ಊರೇ ಹೇಳಿತು. ದೂರಕ್ಕೆ ತಕ್ಕಷ್ಟು ಬುದ್ಧಿ.

ಚೀನಾಕ್ಕೆ ಹೋದೆ, ನೋಡಿದೆ, ಬಂದೆ. ಅದೇನೂ ಕಷ್ಟ ಆಗಲಿಲ್ಲ. ಕಷ್ಟ ಇದ್ದದ್ದೆಲ್ಲ ಹೊರಡುವುದರಲ್ಲಿ.

೧. ನಕ್ಷೆ

ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಕೊಯಮತ್ತೂರು ನಮ್ಮ ಜಿಲ್ಲೆ. ನಾನು ಕೊಳ್ಳೇಗಾಲದ ಒಂದು ರೇಷ್ಮೆ ಶೆಡ್ಡಿನಲ್ಲಿ ಹೊಸದಾಗಿ ಸೇರಿದ ಹೆಣ್ಣುಮಕ್ಕಳಿಗೆ ನೂಲು ಬಿಚ್ಚುವುದನ್ನು ಕಲಿಸುತ್ತಿದ್ದೆ. ಕುದಿಯುವ ನೀರಿನ ಬಾಂಡ್ಲಿಗೆ ಗೂಡು ಹಾಕಬೇಕು, ಅದರ ಎಳೆಯ ತುದಿ ಹುಡುಕಬೇಕು, ರಾಟೆಗೆ ಕೊಡಬೇಕು. ಹುಡುಕುವುದು ಬೆರಳಿನಿಂದಲೇ. ಹದಿನೆಂಟು ವರ್ಷ ನನ್ನ ಬೆರಳುಗಳು ಆ ನೀರಿನಲ್ಲೇ ಇದ್ದವು.

ಒಂದು ದಿನ ಶೆಡ್ಡಿನ ಮೇಲ್ವಿಚಾರಕರು ಒಂದು ಕಾಗದ ಹಿಡಿದುಕೊಂಡು ನನ್ನನ್ನು ಕರೆದರು. ರೇಷ್ಮೆ ಕೆಲಸ ನೋಡಿಕೊಂಡು ಬರಲು ಸರ್ಕಾರದವರು ಒಂದಷ್ಟು ಜನರನ್ನು ಚೀನಾಕ್ಕೆ ಕಳಿಸುತ್ತಾರಂತೆ. ಶೆಡ್ಡಿನಿಂದ ಬರೆದು ಕಳಿಸುವ ಹೆಸರುಗಳಲ್ಲಿ ಕೈಯಾರೆ ಕೆಲಸ ಮಾಡುವ ಹೆಂಗಸಿನದೂ ಒಂದು ಇರಲೇಬೇಕಂತೆ.

"ರೂಲು ಅಂಗಿತ್ತು ಅಂತ ನಿನ್ನ ಹೆಸರು ಹಾಕಿದ್ದೆ. ಈಗ ನೋಡಿದ್ರೆ ಇಂಟರ್‌ವ್ಯೂಗೆ ಕರೆದವ್ರೆ. ನೀನೇನೂ ಗಾಬರಿ ಆಗ್ಬೇಡ. ಮನೇಲಿ ತೊಂದರೆ, ಬರಾಕಾಗಲ್ಲ ಅಂತ ನಾನೇ ಬರ್ದಾಕ್ತೀನಿ. ಎರಡನೇ ಹೆಸರು ನಮ್ಮ ಬಾಮೈದಂದು ಅದೆ."

"ಅಲ್ಲಿ ನೂಲು ಎಂಗೆ ಬಿಚ್ತಾರೆ ಸಾ?" ಅಂದೆ.

"ಅಲ್ಲೇನೋ ಕುಂಚದಂಥಾದ್ದು ಅದೆಯಂತೆ. ಬಿಸಿನೀರಿಗೆ ಕೈ ಇಳಿಸೋದೇ ಇಲ್ವಂತೆ. ನಿನಗ್ಯಾಕೆ ಅದೆಲ್ಲ."

ಪಾಪ, ಅವರು ಆ ಮಾತು ಆಡಬಾರದಿತ್ತು. ಅವತ್ತೇ ಬೆಳಿಗ್ಗೆ ಹದಿನಾರು ವರ್ಷದ ಹುಡುಗಿಯೊಬ್ಬಳು ನೆನೆದ ಅಕ್ಕಿಯ ಹಾಗೆ ಉಬ್ಬಿದ ಬೆರಳುಗಳನ್ನು ನನ್ನ ಮುಂದೆ ಹಿಡಿದು, "ಅಕ್ಕಾ, ಊಟಕ್ಕೆ ಉಪ್ಪು ಮುಟ್ಟಕ್ಕಾಗಲ್ಲ" ಅಂತ ಅತ್ತಿದ್ದಳು. ನನಗೂ ಮುಲಾಮು ಹಚ್ಚಿ ಹಚ್ಚಿ ಸಾಕಾಗಿತ್ತು.

"ಓಯ್ತೀನಿ ಅಂತ ಬರೀರಿ ಸಾ."

ಅವರು ನಕ್ಕರು. "ಚೀನಾ ಎಲ್ಲದೆ ಅಂತಾದ್ರೂ ಗೊತ್ತಾ ನಿಂಗೆ?"

"ಗೊತ್ತಿಲ್ಲ ಸಾ. ನೀವು ತೋರ್ಸಿ."

ಅವರು ಬೆತ್ತ ತೆಗೆದುಕೊಂಡು ಗೋಡೆಯ ನಕ್ಷೆಯ ಮುಂದೆ ಹೋಗಿ ನಿಂತರು. ನಮ್ಮ ಶೆಡ್ಡಿನಲ್ಲಿ ಇದ್ದದ್ದು ಕೊಯಮತ್ತೂರು ಜಿಲ್ಲೆಯ ನಕ್ಷೆ ಒಂದೇ. ಬೆತ್ತ ಕೊಳ್ಳೇಗಾಲದಲ್ಲಿ ಹೊರಟಿತು. ಸತ್ಯಮಂಗಲಕ್ಕೆ ಇಳಿಯಿತು, ಈರೋಡಿನ ಹತ್ತಿರ ಸ್ವಲ್ಪ ಯೋಚನೆ ಮಾಡಿತು, ಆಮೇಲೆ ನಕ್ಷೆಯ ಅಂಚು ದಾಟಿ ಸುಣ್ಣದ ಗೋಡೆಯ ಮೇಲೆ ಮೊಳದಷ್ಟು ದೂರ ಹೋಗಿ, ಅಲ್ಲಿ ಕೂತಿದ್ದ ಹಲ್ಲಿಯ ಬಾಲದ ಪಕ್ಕ ನಿಂತಿತು.

"ಎಚ್ಚೂಕಮ್ಮಿ ಅಲ್ಲಿ," ಅಂದರು.

೨. ಸಮ

ಇಂಟರ್‌ವ್ಯೂ ಕೊಯಮತ್ತೂರಿನಲ್ಲಿ. ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಇಳಿದು ಹೋದಾಗ ನನಗಿಂತ ಮೊದಲೇ ಮೇಲ್ವಿಚಾರಕರ ಬಾಮೈದ ಕೋಟು ಹಾಕಿಕೊಂಡು ಬಂದು ಕೂತಿದ್ದರು. ಅವರನ್ನೇ ಮೊದಲು ಕರೆದರು. ಅರ್ಧ ಗಂಟೆ ಬಾಗಿಲ ಸಂದಿಯಿಂದ ಬರೀ ಇಂಗ್ಲಿಷೇ ಬರುತ್ತಿತ್ತು.

ಆಮೇಲೆ ನನ್ನ ಸರದಿ. ಮೇಜಿನ ಹಿಂದೆ ಮೂವರು ಆಫೀಸರು. ನಡುವಿನವರಿಗೆ ಕನ್ನಡ ಬರುತ್ತಿತ್ತು.

"ಇಂಗ್ಲಿಷ್ ಬರುತ್ತದೆಯೇ?"

"ಇಲ್ಲ ಸಾ."

"ಹಿಂದಿ?"

"ಇಲ್ಲ ಸಾ."

"ತಮಿಳಾದರೂ?"

"ಬೈಯೋವಷ್ಟು ಬರ್ತದೆ ಸಾ."

ಅವರು ಪೆನ್ನು ಕೆಳಗಿಟ್ಟರು. "ಹಾಗಾದರೆ ಚೀನಾದವರ ಹತ್ತಿರ ಹೇಗಮ್ಮ ಮಾತಾಡುತ್ತೀಯ?"

"ಅವರಿಗೆ ಇಂಗ್ಲಿಷ್ ಬರ್ತದಾ ಸಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಲ್ಲಿಯ ಕೆಲಸಗಾರರಿಗೆ ಬರುವುದಿಲ್ಲ."

"ಅಂಗಾದ್ರೆ ಅವರೂ ನಾನೂ ಸಮ ಬುಡಿ."

ಅವರ ಮೀಸೆ ಅಲ್ಲಾಡಿತು. ನನ್ನನ್ನೂ ಬಾಮೈದನನ್ನೂ ಹಿತ್ತಲಿಗೆ ಕರೆದುಕೊಂಡು ಹೋದರು. ಎರಡು ಒಲೆ, ಎರಡು ಬಾಂಡ್ಲಿ, ಕುದಿಯುವ ನೀರು, ಗೂಡು. ತುದಿ ಹುಡುಕಿ ತೆಗೆಯಿರಿ ಅಂದರು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಒಂದು, ಎರಡು, ಎಂಟು ಗೂಡಿನ ತುದಿ ತೆಗೆದು ಒಟ್ಟಿಗೆ ಎಳೆದು ಅವರ ಕೈಗೆ ಕೊಟ್ಟೆ. ಬಾಮೈದ ಕೋಟಿನ ತೋಳು ಮಡಚಿದರು, ಬಾಂಡ್ಲಿಯ ಮೇಲೆ ಬಗ್ಗಿದರು, ಹಬೆ ಮುಖಕ್ಕೆ ಹೊಡೆಯಿತು, ನೆಟ್ಟಗೆ ನಿಂತರು.

"ಸ್ವಲ್ಪ ಆರಲಿ," ಅಂದರು.

ಅವರ ನೀರು ಆರುವ ಹೊತ್ತಿಗೆ ನಾನು ಕೊಳ್ಳೇಗಾಲದ ಬಸ್ಸಿನಲ್ಲಿದ್ದೆ.

೩. ಹೆಗಲ ಮೇಲಿನ ಕೈ

ನನ್ನ ಯಜಮಾನರು ಹನೂರಿನಲ್ಲಿ ದನದ ಡಾಕ್ಟರ ಹತ್ತಿರ ಕಾಂಪೌಂಡರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಆಯ್ಕೆ ಆಗಿದೆ ಅಂತ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಓಗ್ಬೇಕು ಅನ್ನಿಸ್ತದಾ?"

"ಊಂ."

"ಓಗು."

ಅಷ್ಟೇ. ದನಗಳ ಜೊತೆ ಇದ್ದೂ ಇದ್ದೂ ಅವರಿಗೆ ಮಾತು ಕಮ್ಮಿ ಆಗಿತ್ತು.

ಪಾಸ್‌ಪೋರ್ಟಿಗೆ ಫೋಟೋ ಬೇಕಾಯಿತು. ಊರಿನ ಫೋಟೋದವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ, "ಯಜಮಾನರೆಲ್ಲಿ?"

"ಅವರದ್ದು ಬ್ಯಾಡ. ನನ್ನದೊಂದೇ."

"ಅದಾಗಲ್ಲ ಕಣಮ್ಮ. ಒಂಟಿ ಹೆಂಗಸಿನ ಫೋಟೋ ನಾನು ತೆಗೆಯೋದು ಎರಡೇ ಸಲ. ಗಂಡು ಹುಡುಕೋವಾಗ ಒಂದು, ಗೋಡೆಗೆ ಹಾರ ಹಾಕೋವಾಗ ಒಂದು. ನೀನು ಎರಡಕ್ಕೂ ಸೇರಲ್ಲ."

ಎಷ್ಟು ಜಗಳ ಆಡಿದರೂ ಅವನು ಕಪ್ಪುಬಟ್ಟೆಯೊಳಕ್ಕೆ ತಲೆ ಹಾಕಲೇ ಇಲ್ಲ. ಭಾನುವಾರ ಯಜಮಾನರನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಫೋಟೋದವನಿಗೆ ಅದೂ ಸಾಲದು. "ಹೆಗಲ ಮೇಲೆ ಕೈ ಹಾಕಿ ಸಾ, ಗಂಡ ಹೆಂಡ್ತಿ ಅಂತ ಗೊತ್ತಾಗಬ್ಯಾಡವಾ?" ಅಂದ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಸಲ ನನ್ನ ಯಜಮಾನರು ಇನ್ನೊಬ್ಬರ ಮುಂದೆ ನನ್ನನ್ನು ಮುಟ್ಟಿದರು, ಅದೂ ಕೊಂಬಿನ ಎತ್ತನ್ನು ಮುಟ್ಟುವ ಹಾಗೆ.

ಫೋಟೋ ಬಂದ ಮೇಲೆ ಕತ್ತರಿ ತೆಗೆದುಕೊಂಡು ಅವರನ್ನು ಕತ್ತರಿಸಿದೆ. ಅವರು ಹೋದರು. ಕೈ ಉಳಿಯಿತು.

ಪಾಸ್‌ಪೋರ್ಟಿನ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದ್ಯಾರ ಕೈ?"

"ನಮ್ಮ ಯಜಮಾನರದ್ದು ಸಾ."

"ಪಾಸ್‌ಪೋರ್ಟು ಒಬ್ಬರಿಗೆ ಮಾತ್ರ."

"ನಾನೊಬ್ಳೇ ಓಗೋದು ಸಾ. ಕೈ ಹನೂರಲ್ಲೇ ಇರ್ತದೆ."

ಅವರು ಮೇಲಿನವರನ್ನು ಕೇಳಿಕೊಂಡು ಬಂದರು. ಕೈಯ ಬಗ್ಗೆ ಗಂಡನಿಂದ ಒಂದು ಪತ್ರ ಬೇಕು ಅಂದರು. ಯಜಮಾನರು ಹನೂರಿನಿಂದ ಅಂಚೆಯಲ್ಲಿ ಕಳಿಸಿಕೊಟ್ಟರು. ಅವರು ಬರೆದ ಕಾಗದಗಳಲ್ಲೆಲ್ಲ ಉದ್ದವಾದದ್ದು ಅದೇ:

"ಫೋಟೋದಲ್ಲಿರುವ ಕೈ ನನ್ನದು. ಅದು ಈಗಲೂ ನನ್ನ ಹತ್ತಿರವೇ ಇದೆ."

೪. ಹೆಬ್ಬೆಟ್ಟು

ಆ ಗುಮಾಸ್ತರು ನನ್ನ ಸೀರೆ ನೋಡಿ, ಕೈ ನೋಡಿ, ಇವಳಿಗೆ ಓದು ಬರಹ ಇಲ್ಲ ಅಂತ ತಾವೇ ತೀರ್ಮಾನ ಮಾಡಿದ್ದರು. ಅರ್ಜಿಯನ್ನು ತಿರುಗಿಸಿ ನನ್ನ ಮುಂದಿಟ್ಟು, ಕೇಳದೆ ಮಾಡದೆ ನನ್ನ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಒತ್ತಿದರು.

ಕಪ್ಪು ಮಚ್ಚೆ ಬಿತ್ತು. ಗೆರೆ ಬೀಳಲಿಲ್ಲ. ಮಸಿ ಜಾಸ್ತಿ ಆಯಿತು ಅಂತ ಒರೆಸಿ ಮತ್ತೆ ಒತ್ತಿದರು. ಮತ್ತೆ ಮಚ್ಚೆ. ಬಲಗೈ ಬಿಟ್ಟು ಎಡಗೈ ಹಿಡಿದರು. ಐದೂ ಬೆರಳು ಒತ್ತಿಸಿದರು. ಅರ್ಜಿಯ ತುಂಬ ಹುಣಸೆಬೀಜ ಚೆಲ್ಲಿದ ಹಾಗಾಯಿತು. ಹದಿನೆಂಟು ವರ್ಷದ ಬಿಸಿನೀರು ನನ್ನ ಬೆರಳಿನ ಗೆರೆಗಳನ್ನೆಲ್ಲ ಯಾವಾಗಲೋ ತೊಳೆದುಬಿಟ್ಟಿತ್ತು.

"ಇದೇನಮ್ಮ ಇದು! ನಿನ್ನ ಕೈಯಲ್ಲಿ ಗೆರೆಯೇ ಇಲ್ಲವಲ್ಲ!"

"ಅದಕ್ಕೇ ಸಾ ಓಗ್ತಾ ಇರೋದು," ಅಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಹೊಸ ಅರ್ಜಿ ತೆಗೆದುಕೊಂಡು, ಮೇಜಿನ ಮೇಲಿದ್ದ ಅವರದ್ದೇ ಪೆನ್ನು ತೆಗೆದು, ಕನ್ನಡದಲ್ಲಿ ದುಂಡಗೆ ನನ್ನ ಹೆಸರು ಬರೆದೆ. ಯಳಂದೂರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮೇಷ್ಟರು ಬೆತ್ತ ಹಿಡಿದು ತಿದ್ದಿಸಿದ ಅಕ್ಷರ.

ಗುಮಾಸ್ತರಿಗೆ ಸಿಟ್ಟು ಬಂತು. "ಸಹಿ ಬರುತ್ತದೆ ಅಂತ ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತೇ?"

"ನೀವು ಕೇಳಿದ್ದು ಬಾಯಲ್ಲ ಸಾ, ಹೆಬ್ಬೆಟ್ಟು."

೫. ಕೆಂಪು

ನಾನು ಹುಟ್ಟಿದ್ದು ಯಳಂದೂರಿನ ಪಕ್ಕದ ಹಳ್ಳಿಯಲ್ಲಿ. ಅದು ಮೈಸೂರಿಗೆ ಸೇರಿದ್ದು. ಹೊಳೆಯಾಚೆ ಈಚೆ ಅನ್ನುವ ಹಾಗೆ ಎರಡು ಊರು, ಆದರೆ ಎರಡು ಸರ್ಕಾರ. ಹೀಗಾಗಿ ನನ್ನ ವಿಚಾರಣೆಗೆ ಅಪ್ಪನ ಮನೆಗೂ ಒಬ್ಬ ಪೊಲೀಸಿನವನು ಹೋದ. ಚೀನಾ ಅಂದರೆ ಕೆಂಪು ಬಾವುಟದ ದೇಶ, ಇವಳೂ ಆ ಪೈಕಿಯವಳೋ ಏನೋ ಅನ್ನುವುದು ಮೇಲಿನವರ ಅನುಮಾನ.

ಅಪ್ಪ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ಪೊಲೀಸಿನವನು ಪುಸ್ತಕ ತೆಗೆದ.

"ನಿಮ್ಮ ಮಗಳು ಕೆಂಪಾ?"

ಹೆಣ್ಣು ಹೆತ್ತ ಅಪ್ಪನಿಗೆ ಈ ಪ್ರಶ್ನೆ ಹೊಸದಲ್ಲ. ಅಪ್ಪ ಕುಡುಗೋಲು ಕೆಳಗಿಟ್ಟು ನಿಜ ಹೇಳಿದರು. "ಇಲ್ಲ ಬುದ್ಧಿ. ಎಣ್ಣೆಗೆಂಪು ಅಂದ್ಕಳಿ. ನನ್ನ ಬಣ್ಣವೇ ಅವಳ್ಗೂ ಬಂದದೆ."

"ಮನೇಲಿ ಬೇರೆ ಯಾರಾದರೂ ಕೆಂಪು ಇದ್ದಾರಾ?"

"ನನ್ನ ಕಿರೀ ಮಗಳು ಅವ್ಳೆ ಬುದ್ಧಿ. ಕೆಂಪು ಅಂದ್ರೆ ಕೆಂಪು! ಇಡೀ ಊರಿಗೆ ಅವಳೊಬ್ಳೇ."

ಪೊಲೀಸಿನವನು ಪೆನ್ಸಿಲು ನೆಕ್ಕಿ ಬರೆದುಕೊಂಡ. "ಎಷ್ಟು ದಿನದಿಂದ?"

"ಉಟ್ದಾಗಿಂದ."

"ಅವಳಿಗೆ ಯಾರಿಂದ ಬಂತು ಇದು?"

"ಇನ್ಯಾರಿಂದ ಬುದ್ಧಿ, ಅವರವ್ವನಿಂದ."

"ಓಹೋ. ಅಂದರೆ ನಿಮ್ಮ ಹೆಂಡತೀನೂ ಕೆಂಪು?"

"ಆಗ ಇದ್ಲು ಬುದ್ಧಿ. ಈಗ ಬಿಸಿಲಲ್ಲಿ ಗೇದು ಗೇದು ಸ್ವಲ್ಪ ಕಪ್ಪಾಗವ್ಳೆ."

ನನ್ನ ಕಾಗದ ಯಾವ ತೊಂದರೆಯೂ ಇಲ್ಲದೆ ಪಾಸಾಯಿತು. ನನ್ನ ತಂಗಿಯನ್ನೂ ಅವ್ವನನ್ನೂ ಕೇಳಿಕೊಂಡು ಮಾತ್ರ ಇನ್ನೂ ಮೂರು ಸಲ ಬಂದರು. ಅಪ್ಪನಿಗೆ ಅದರಿಂದ ಬೇಜಾರೇನೂ ಆಗಲಿಲ್ಲ. ತಂಗಿಯ ಮದುವೆಯ ಮಾತು ಬಂದಲ್ಲೆಲ್ಲ ಹೇಳಿಕೊಂಡರು: "ನನ್ನ ಮಾತು ಬುಡಿ, ನನ್ನ ಮಗಳು ಕೆಂಪು ಅಂತ ಸರ್ಕಾರದೋರೇ ಬಂದು ಬರ್ಕಂಡು ಓಗವ್ರೆ."

೬. ಕಾಫಿ

ಇಷ್ಟೆಲ್ಲ ಆಗುವಾಗ ಮನೆಯಲ್ಲಿ ಅತ್ತೆ ನನ್ನೊಡನೆ ಮಾತು ಬಿಟ್ಟು ಮೂರು ವಾರವಾಗಿತ್ತು. ಹೇಳಬೇಕಾದ್ದನ್ನೆಲ್ಲ ಒರಳುಕಲ್ಲಿಗೆ ಹೇಳುತ್ತಿದ್ದರು. "ಕೇಳ್ದಾ ಒರಳೇ, ನಿಮ್ಮನೆ ಸೊಸೆ ಕಪ್ಪೆ ತಿನ್ನೋ ದೇಶಕ್ಕೆ ಓಯ್ತಾಳಂತೆ. ಬರೋವಾಗ ವಟಗುಟ್ಕಂಡೇ ಬತ್ತಾಳೆ ನೋಡ್ತಿರು." ನಾನೂ ಉತ್ತರವನ್ನು ಒರಳಿಗೇ ಕೊಡುತ್ತಿದ್ದೆ. "ಒರಳೇ, ಕಪ್ಪೆ ತಿನ್ನಾಕೆ ಓಯ್ತಾ ಇಲ್ಲ, ನೂಲು ನೋಡಾಕೆ ಓಯ್ತಾ ಇವ್ನಿ ಅಂತ ಏಳು."

ಒಂದು ಸಂಜೆ ನಮ್ಮ ಜನದ ನಾಲ್ವರು ಹಿರಿಯರು ಬಂದು ಜಗಲಿಯ ಮೇಲೆ ಕೂತರು. ಅವರು ತಿಂಗಳಿಗೆ ಹತ್ತು ಸಲವಾದರೂ ಬರುವವರೇ. ಯಾರದೋ ಪಂಚಾಯ್ತಿ, ಯಾರದೋ ಮದುವೆ, ಏನೂ ಇಲ್ಲದಿದ್ದರೆ ಮಳೆ. ಬಂದಾಗಲೆಲ್ಲ ಕಾಫಿ. ಅವತ್ತೂ ಅತ್ತೆ ಕಾಫಿ ಕಾಯಿಸಿ ತಂದುಕೊಟ್ಟು ಬಾಗಿಲ ಪಕ್ಕ ನಿಂತರು. ಹಿರಿಯರು ಪೂರ್ತಿ ಕುಡಿದು ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು.

"ನಿಮ್ಮ ಸೊಸೆ ಅಲ್ಲಿಗೆ ಓಗದು ನಮಗೆ ಒಪ್ಪಿಗೆ ಇಲ್ಲ ಕಣಮ್ಮ. ಅಲ್ಲಿ ಏನೇನೋ ತಿಂದು ಬಂದೋಳ ಕೈನೀರನ್ನ ನಾವು ಮುಟ್ಟಾಕಾಯ್ತದಾ? ಅವಳು ಅತ್ತ ಓದ್ಲು ಅಂದ್ರೆ ಇತ್ತ ಈ ಮನೆ ಕಾಫಿ ನಮಗೆ ಬಂದ್."

ನಾಲ್ಕು ಜನ ನಮ್ಮ ಮನೆ ಬಿಟ್ಟರೆ ನಾಳೆ ನಲವತ್ತು ಜನ ಬಿಡುತ್ತಾರೆ. ಅದು ಗೊತ್ತಿದ್ದೂ ಹೋಗಿಯೇ ತೀರಬೇಕು ಅಂತ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅತ್ತೆ ನಿಧಾನವಾಗಿ ಕೇಳಿದರು.

"ನಾಲ್ಕೂ ಜನವೂ ಬರಲ್ವಾ?"

"ನಾಲ್ಕೂ ಜನವೂ ಬರಲ್ಲ."

"ನಿಮ್ಮ ಅಣ್ಣತಮ್ಮಂದಿರೂ?"

"ಯಾರೂ ಬರಲ್ಲ!"

"ಕಾಫಿಗೂ?"

"ಕಾಫಿಗೂ!"

ಅತ್ತೆ ನನ್ನ ಕಡೆ ತಿರುಗಿದರು. ಮೂರು ವಾರದಲ್ಲಿ ಅವರು ನನಗೇ ಅಂತ ಆಡಿದ ಮೊದಲ ಮಾತು:

"ಲೇ, ಯಾವತ್ತು ಓಯ್ತೀಯೆ? ಬಿರ್ರನೆ ಓಗು."

೭. ಚೀನಾದೋನು

ಅಲ್ಲಿಂದ ಅತ್ತೆ ನನ್ನ ಕಡೆ. ನನ್ನನ್ನು ತಮ್ಮ ತವರೂರು ಬಂಡಳ್ಳಿಗೆ ಕರೆದುಕೊಂಡು ಹೋಗಿ ಮನೆಮನೆಗೂ ತೋರಿಸಿದರು. ಜನ ಆಗಲೇ ಬೇಡ ಅನ್ನುವುದನ್ನು ಬಿಟ್ಟು ಬೇಕು ಅನ್ನುವುದನ್ನು ಹೇಳುತ್ತಿದ್ದರು. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಬೇಕು ಅಂದವರು ಮೂರು ಜನ. ಹೂಗ್ಯಂನಿಂದ ನೆಂಟರ ಮನೆಗೆ ಬಂದಿದ್ದ ರೈತನೊಬ್ಬ, "ಚೀನಾದ ರೇಷ್ಮೆ ಉಳದ ಮೊಟ್ಟೆ ಒಂದು ಹಾಳೆ ಮಡಿಲಲ್ಲಿ ಕಟ್ಕಂಡು ಬಾರವ್ವ. ದಾರೀಲಿ ಮರಿಯಾಗೋದ್ರೆ ಮಾತ್ರ ನಂಗೊತ್ತಿಲ್ಲ," ಅಂದ.

ಅತ್ತೆಯ ದೊಡ್ಡಮ್ಮ ಒಬ್ಬರಿದ್ದರು. ಹಲ್ಲೆಲ್ಲ ಹೋದ ಮುದುಕಿ. ಯುದ್ಧಕ್ಕೆ ಮುಂಚೆ ಬಟ್ಟೆಯ ಗಂಟು ಹೊತ್ತು ಹಳ್ಳಿಗಳನ್ನು ಸುತ್ತುತ್ತಿದ್ದ ಒಬ್ಬ ಚೀನಾದವನು ಅವರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು, ಒಂದು ಕುಪ್ಪಸಕ್ಕಾಗುವಷ್ಟು ಹಸಿರು ರೇಷ್ಮೆ ಮಾರಿದ್ದನಂತೆ. ಮುದುಕಿ ಪೆಟ್ಟಿಗೆಯಿಂದ ಹೆಬ್ಬೆರಳಗಲದ ಚೂರು ತೆಗೆದು ನನ್ನ ಕೈಗಿಟ್ಟರು.

"ಇದೇ ಬಣ್ಣದ್ದು ಇನ್ನೊಂದು ಗಜ ತತ್ತೀನಿ ಅಂತ ಏಳ್ಬುಟ್ಟು ಓದೋನು ಬರಲೇ ಇಲ್ಲ. ಯಾಕೆ ಬರ್ಲಿಲ್ಲ ಅಂತ ಕೇಳು."

"ಅವನ ಹೆಸರೇನಜ್ಜಿ?"

"ಹೆಸರೇನೋ ಏಳ್ದ. ನಾಲಿಗೆ ತಿರುಗ್ಲಿಲ್ಲ. ಚೀನಾದೋನು ಅಂತಲೇ ಕರೀತಿದ್ವಿ."

"ಅಲ್ಲಜ್ಜಿ, ಆ ದೇಶದಲ್ಲಿ ಕೋಟ್ಯಂತರ ಜನ ಅವ್ರೆ. ಅಷ್ಟು ಜನದಲ್ಲಿ ನಾನು ಅವನನ್ನ ಎಲ್ಲಿ ಹುಡುಕ್ಲಿ?"

ಮುದುಕಿ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಅವರೆಲ್ಲ ಇದ್ರೆ ಇರ್ಲಿ. ಬಂಡಳ್ಳಿಗೆ ಬಂದಿದ್ದೋನು ಒಬ್ಬನೇ ತಾನೆ?"

೮. ಸನ್ಮಾನ

ಹೊರಡುವ ದಿನ. ಸಂಜೆ ಆರಕ್ಕೆ ಮೈಸೂರಿನ ಬಸ್ಸು. ಅಲ್ಲಿಂದ ರೈಲು ಹಿಡಿದು ಹೋಗಿ ಉಳಿದವರನ್ನು ಸೇರಿಕೊಳ್ಳಬೇಕು. ಈ ಬಸ್ಸು ತಪ್ಪಿದರೆ ಎಲ್ಲವೂ ತಪ್ಪಿತು.

ಊರಿನ ದೊಡ್ಡವರಿಗೆ ಅವತ್ತೇ ನೆನಪಾಯಿತು, ನಮ್ಮೂರಿನಿಂದ ಒಬ್ಬರು ಚೀನಾಕ್ಕೆ ಹೋಗುತ್ತಿದ್ದಾರೆ ಅಂತ. ಬಸ್‌ಸ್ಟ್ಯಾಂಡಿನ ಎದುರಿನ ಬಯಲಲ್ಲಿ ನಾಲ್ಕು ಗಂಟೆಗೆ ಸನ್ಮಾನ ಸಭೆ ಇಟ್ಟರು. ಮೈಕು, ಶಾಮಿಯಾನ, ವೇದಿಕೆಯ ಮೇಲೆ ಏಳು ಕುರ್ಚಿ.

ನಾನು ಟ್ರಂಕು ಹಿಡಿದು, ಒಂದು ಕಡೆ ಅತ್ತೆ, ಒಂದು ಕಡೆ ಯಜಮಾನರ ಜೊತೆ ಹೋದೆ. ಬ್ಯಾಡ್ಜು ಹಾಕಿಕೊಂಡು ನಿಂತಿದ್ದ ಮನುಷ್ಯ ಅಡ್ಡ ಬಂದ. "ಹೆಂಗಸರು ಹಿಂದೆ!"

"ಅಲ್ಲ ಸಾ, ಸನ್ಮಾನ..."

"ಸನ್ಮಾನ ಹಿಂದಿನಿಂದಲೂ ಕಾಣ್ತದೆ. ಹೋಗಮ್ಮ."

ಹಿಂದೆ ಹೋಗಿ ಜಮಖಾನದ ಮೇಲೆ ಕೂತೆ. ಏಳೂ ಕುರ್ಚಿಗಳಲ್ಲಿ ಗಂಡಸರು ತುಂಬಿದರು. ಏಳು ಹಾರ ಬಂತು, ಏಳೂ ಕುತ್ತಿಗೆಗೆ ಬಿತ್ತು. ಒಬ್ಬರು ಚೀನಾದ ಗೋಡೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಇನ್ನೊಬ್ಬರು ತಾವೂ ಹಿಂದೊಮ್ಮೆ ಕಾಶಿಗೆ ಹೊರಟಿದ್ದನ್ನೂ ಕಾಲುನೋವಿನಿಂದ ಹೋಗಲಾಗದ್ದನ್ನೂ ಹೇಳಿದರು. ಅತ್ತೆ ನನ್ನ ಕಿವಿಯಲ್ಲಿ, "ನಿನ್ನ ಹೆಸರು ಯಾವಾಗ ಬತ್ತದೆ?" ಅಂದರು. "ಕಾಶಿಯಿಂದ ಬಂದ ಮೇಲೆ," ಅಂದೆ.

ಆರಕ್ಕೆ ಐದು ನಿಮಿಷ. ಬಸ್ಸಿನವನು ಹಾರನ್ನು ಒತ್ತಿದ. ಮೈಕಿನ ಮುಂದೆ ನಿಂತಿದ್ದವರು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದರು: "ಹೆಣ್ಣು ಅಬಲೆಯಲ್ಲ! ಹೆಣ್ಣು ಎದ್ದು ನಿಲ್ಲಬೇಕು! ಹೊಸ್ತಿಲು ದಾಟಬೇಕು!"

ನಾನು ಎದ್ದು ನಿಂತೆ. ಯಜಮಾನರು ಟ್ರಂಕು ಎತ್ತಿಕೊಂಡರು. ಅತ್ತೆ ಬುತ್ತಿಯ ಗಂಟು ಹಿಡಿದು ನಮ್ಮ ಮುಂದೆ ಜನರನ್ನು ಸರಿಸುತ್ತ ನಡೆದರು. ಅಷ್ಟರಲ್ಲಿ ಅಧ್ಯಕ್ಷರು ಭಾಷಣ ಮಾಡುತ್ತಿದ್ದವರ ಕೈಯಿಂದ ಮೈಕು ಕಿತ್ತುಕೊಂಡರು.

"ಯಾರಮ್ಮ ಅದು, ಹಿಂದೆ! ಹೆಣ್ಣುಮಕ್ಕಳ ಮುನ್ನಡೆಯ ಬಗ್ಗೆ ಇಲ್ಲಿ ಮಾತು ನಡೀತಾ ಇದೆ, ಮಧ್ಯದಲ್ಲಿ ಎದ್ದು ಹೋಗ್ತೀಯಲ್ಲ, ಸಭೆಯ ಮರ್ಯಾದೆ ಗೊತ್ತಿಲ್ಲವಾ? ಕೂತ್ಕೋ!"

ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿತು. ನಾನು ಚಪ್ಪಲಿ ಮೆಟ್ಟಿಕೊಂಡು, ಬಯಲಿನ ಆ ತುದಿಗೂ ಕೇಳುವ ಹಾಗೆ ಹೇಳಿದೆ:

"ಕೂರಾಕಾಗಲ್ಲ ಸಾ, ಚೀನಾಕ್ಕೆ ಓಗ್ಬೇಕು. ನೀವು ಕೂತಿರಿ, ನಾನು ಓಗ್ಬುಟ್ಟು ಬತ್ತೀನಿ."